ಶಿವಮೊಗ್ಗ ಫ್ಲೈಟು ಅರ್ಧ ಗಂಟೆ ಅಲ್ಲ ಕಣ್ರಪ್ಪಾ

ನಮ್ ಚಿಕ್ಕಬಳ್ಳಾಪುರದ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡ್ತಿದೆ, ದೇವನಹಳ್ಳಿ ಏರ್‌ಪೋರ್ಟಿಂದ ಶಿವಮೊಗ್ಗಕ್ಕೆ 300 ಕಿಲೋಮೀಟರ್, ವಿಮಾನದಲ್ಲಿ ಬರೀ ಅರ್ಧ ಗಂಟೆ ಅಂತ. ಎರಡೂ ಸರಿಯಿಲ್ಲ. 300 ಅನ್ನೋದು ಹೆಚ್ಚೂಕಮ್ಮಿ ರೋಡ್ ಲೆಕ್ಕ, ತುಮಕೂರು ತಿಪಟೂರು ಅರಸೀಕೆರೆ ಕಡೂರು ಅಂತ ಹೋಗೋದು, ನೇರ ಗೆರೆ ಎಳೆದ್ರೆ 240ರ ಹತ್ರ ಬರುತ್ತೆ ಅಷ್ಟೇ.

ಇನ್ನು ಟೈಮು. 2023ರ ಆಗಸ್ಟ್ 31ಕ್ಕೆ ಇಂಡಿಗೋದವ್ರು ಈ ರೂಟ್ ಶುರು ಮಾಡಿದ್ದು ಎಟಿಆರ್‌ನಲ್ಲಿ, ಅದೇ ರೆಕ್ಕೆ ಮೇಲೆ ದೊಡ್ಡ ಫ್ಯಾನ್ ತಿರುಗುತ್ತಲ್ಲ ಆ ವಿಮಾನ, ಗಂಟೆಗೆ ಸುಮಾರು 500 ಕಿಲೋಮೀಟರ್ ಹೋಗುತ್ತೆ. ಯಾರೋ ಪುಣ್ಯಾತ್ಮರು ದೂರಾನ ಈ 500ರಿಂದ ಭಾಗಿಸಿ ಅರ್ಧ ಗಂಟೆ ಅಂದ್ಬಿಟ್ಟಿದಾರೆ. ಆದ್ರೆ ಆ ಸ್ಪೀಡು ಸಿಗೋದು ಪೂರ್ತಿ ಮೇಲೆ ಹೋದ್ಮೇಲೆ, ಇಷ್ಟು ಹತ್ತಿರದ ಊರಿಗೆ ಏರೋದು ಇಳಿಯೋದ್ರಲ್ಲೇ ಬಹಳ ಹೊತ್ತು ಹೋಗುತ್ತೆ, ಜೊತೆಗೆ ಟಿಕೆಟಲ್ಲಿರೋ ಟೈಮು ವಿಮಾನ ಇಲ್ಲಿ ಜಾಗ ಬಿಟ್ಟಾಗಿಂದ ಅಲ್ಲಿ ಹೋಗಿ ನಿಲ್ಲೋವರೆಗಿನದು, ರನ್‌ವೇ ಹತ್ರ ಕ್ಯೂನಲ್ಲಿ ಕಾಯೋದೂ ಅದ್ರಲ್ಲೇ ಸೇರಿರುತ್ತೆ. ಅದಕ್ಕೇ ಒಂದು ಗಂಟೆ, ಕೆಲವು ಸಲ ಅದಕ್ಕಿಂತ ಜಾಸ್ತಿನೇ ತೋರ್ಸೋದು.

ಏರ್‌ಪೋರ್ಟ್ ನಮಗೆ ಹತ್ರ ಅಂತ ಲೇಟಾಗಿ ಹೊರಡೋರು ಬೇರೆ ಇದಾರೆ, ಲಗೇಜ್ ಕೌಂಟರ್ ಒಂದು ಗಂಟೆ ಮುಂಚೆನೇ ಮುಚ್ತಾರೆ.