‘ಹೆದ್ದೊರೆ’ ಅಲೆಯಲ್ಲ: ಒಂದು ಸ್ಪಷ್ಟನೆ

ದೊಡ್ಡ ಅಲೆಗೆ ‘ಹೆದ್ದೆರೆ, ಹೆದ್ದೊರೆ, ಕಲ್ಲೋಲ, ಉಬ್ಬರ, ಸುನಾಮಿ’ ಎಲ್ಲವೂ ಸಮಾನಾರ್ಥಕ ಎಂಬ ಪಟ್ಟಿಯೊಂದು ಕಲಬುರಗಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ವಾಟ್ಸಾಪ್‌ಗಳಲ್ಲಿ ಓಡಾಡುತ್ತಿದೆ. ಇದರಲ್ಲಿ ಸರಿ ಇರುವುದು ಎರಡೇ: ಹೆದ್ದೆರೆ, ಕಲ್ಲೋಲ. ‘ಅಲ್ಲೋಲಕಲ್ಲೋಲ’ ಎಂದು ದಿನಾ ಅನ್ನುತ್ತೇವಲ್ಲ, ಅದೇ ಕಲ್ಲೋಲ.

ಹೆದ್ದೊರೆಯಲ್ಲಿರುವುದು ತೆರೆಯಲ್ಲ, ತೊರೆ. ಅಂದರೆ ದೊಡ್ಡ ಹೊಳೆ. ಹಳಗನ್ನಡದಲ್ಲಿ ‘ಪೆರ್ದೊರೆ’ ಎಂದರೆ ಕೃಷ್ಣಾ ನದಿ. ಯಾದಗಿರಿ ಜಿಲ್ಲೆಯಲ್ಲಿ ಹರಿಯುವ ನದಿಯನ್ನೇ ಅಲೆ ಮಾಡಿಬಿಟ್ಟರೆ ಹೇಗೆ?

ಉಬ್ಬರವೂ ಅಲೆಯಲ್ಲ, ಚಂದ್ರ, ಸೂರ್ಯರ ಸೆಳೆತಕ್ಕೆ ಸಮುದ್ರದ ಮಟ್ಟವೇ ಏರುವುದು. ಗಾಳಿಗೆ ಏಳುವ ಹೆದ್ದೆರೆ ಎಷ್ಟೇ ಎತ್ತರವಿದ್ದರೂ ಸುನಾಮಿ ಆಗದು. ಸುನಾಮಿಗೆ ಸಾಮಾನ್ಯವಾಗಿ ಕಡಲ ತಳದ ಭೂಕಂಪ ಕಾರಣ. 2004ರ ಡಿಸೆಂಬರ್ 26ರಂದು ಸುಮಾತ್ರಾ ಬಳಿ ಆದದ್ದು ಅದೇ. ನಡುಗಡಲಿನಲ್ಲಿ ಅದರ ಎತ್ತರ ಎಷ್ಟು ಕಡಿಮೆಯೆಂದರೆ ಹಡಗಿನವರಿಗೆ ಗೊತ್ತೇ ಆಗದಿರಬಹುದು. ದಡದ ಹತ್ತಿರ, ಆಳ ಕಡಿಮೆಯಾದಂತೆ ಏಳುತ್ತದೆ.

ಭೀಮಾ ನದಿಗೆ ಮಹಾಪೂರ ಬಂದಾಗ ‘ಸುನಾಮಿ ಬಂದಂಗ ಬಂತ್ರಿ’ ಅಂದರೆ ಯಾರ ತಕರಾರೂ ಇಲ್ಲ. ಉತ್ತರಪತ್ರಿಕೆಯಲ್ಲಿ ಮಾತ್ರ ಬರೆಯಬೇಡಿ.