ಹತ್ತಿರದ ದಾರಿ, ದೂರದ ಸಲಹೆ

ಗೊತ್ತಿಲ್ಲದ ಊರಿನಲ್ಲಿ ನೂರು ಕಿಲೋಮೀಟರಿನ ಸೈಕಲ್ ದಾರಿಯನ್ನು ಹುಡುಕುವುದು ಕಷ್ಟವೇನಲ್ಲ. ಹೆದ್ದಾರಿಯ ಫಲಕಗಳೇ ಆ ಕೆಲಸ ಮಾಡಿಕೊಡುತ್ತವೆ. ಕಷ್ಟವಿರುವುದು ಏಳೆಂಟು ಕಿಲೋಮೀಟರಿನ ದಾರಿಯನ್ನು ಹುಡುಕುವುದರಲ್ಲಿ. ಬೆಳಗಿನ ಚಹಾ ಮುಗಿಸಿ ಹೊರಟವನು ಸ್ನಾನ, ತಿಂಡಿ, ಕಚೇರಿಗಳಿಗೆ ಹೊತ್ತು ಉಳಿಯುವಂತೆ ಮರಳಬೇಕು, ಹೋದ ದಾರಿಯಲ್ಲೇ ಹಿಂತಿರುಗುವ ಬೇಸರ ಇರಬಾರದು, ಹೆದ್ದಾರಿಯನ್ನು ದಾಟುವ ಪ್ರಸಂಗ ಬರಬಾರದು, ಏರು ಇರಬಾರದು, ನಾಯಿಗಳಿದ್ದರೆ ಅವು ವಯಸ್ಸಾದವಾಗಿರಬೇಕು. ಶಿರಸಿಯಿಂದ ಕಾರವಾರಕ್ಕೆ ವರ್ಗವಾಗಿ ಬಂದಾಗ ನಾನು ಬಯಸಿದ್ದು ಇಷ್ಟೇ. ಮಗಳಿಗೆ ವರ ಹುಡುಕುವಾಗಲೂ ನೀವು ಇಷ್ಟು ಷರತ್ತು ಹಾಕಿರಲಿಲ್ಲ ಎಂದು ನನ್ನ ಹೆಂಡತಿ ಫೋನಿನಲ್ಲಿ ನೆನಪಿಸಿದಳು.

ಘಟ್ಟದ ಮೇಲಿನವರಾದ ನಮಗೆ ಕಾರವಾರವೆಂದರೆ ಜಿಲ್ಲಾಕೇಂದ್ರ. ಕಾಗದಪತ್ರದ ಕೆಲಸ ಬಿದ್ದಾಗ ಬೆಳಗಿನ ಬಸ್ಸು ಹತ್ತಿ, ದೇವಿಮನೆ ಘಟ್ಟ ಇಳಿದು, ಕುಮಟಾ ಮತ್ತು ಅಂಕೋಲಾಗಳನ್ನು ದಾಟಿ ಬಂದು, ಸಂಜೆಯ ಬಸ್ಸಿಗೆ ಓಡುವ ಊರು ಅದು. ಬಸ್ ನಿಲ್ದಾಣದ ಸುತ್ತಲಿನ ನಾಲ್ಕು ರಸ್ತೆಗಳ ಆಚೆಗೆ ನನಗೆ ಅಲ್ಲಿನ ದಿಕ್ಕು ದೆಸೆ ತಿಳಿದಿರಲಿಲ್ಲ. ಆದರೂ ದೊಡ್ಡ ಭರವಸೆಯಿತ್ತು. ಶಿರಸಿಯಲ್ಲಿ ಸೈಕಲ್ ಸವಾರಿಯೆಂದರೆ ಅರ್ಧ ದಾರಿ ಅದು ನಮ್ಮನ್ನು ಹೊರುತ್ತದೆ, ಉಳಿದರ್ಧ ನಾವು ಅದನ್ನು ತಳ್ಳುತ್ತೇವೆ. ಕಾರವಾರವಾದರೋ ಕಡಲ ಮಟ್ಟದ ಊರು. ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಉತ್ತರಕ್ಕೆ ಕಾಳಿ ನದಿ, ಪೂರ್ವಕ್ಕೆ ಸಹ್ಯಾದ್ರಿಯ ಸಾಲು, ದಕ್ಷಿಣಕ್ಕೆ ಬಿಣಗಾದ ಗುಡ್ಡ ಮತ್ತು ಅದರಾಚೆ ನೌಕಾನೆಲೆ. ಯಾವ ದಿಕ್ಕಿಗೆ ಹೊರಟರೂ ದಾರಿಯೇ ಬೇಗ ಮುಗಿದುಹೋಗುವ ಇಂಥ ಊರಿನಲ್ಲಿ ಪುಟ್ಟ ಸವಾರಿಯೊಂದು ತಾನಾಗಿಯೇ ಒದಗಿಬರಬೇಕೆಂಬುದು ನನ್ನ ತರ್ಕವಾಗಿತ್ತು.

ತರ್ಕಕ್ಕೆ ಮೊದಲ ಪೆಟ್ಟು ಬಿದ್ದದ್ದು ಕಚೇರಿಯಲ್ಲಿ. ನಾನು ದಾರಿ ಕೇಳಿದರೆ ಸಹೋದ್ಯೋಗಿಗಳು ಪ್ರೇಕ್ಷಣೀಯ ಸ್ಥಳಗಳನ್ನು ಹೇಳುತ್ತಿದ್ದರು. ಹೊಸಬನೊಬ್ಬ ತನ್ನ ಊರಿನಲ್ಲಿ ಏನನ್ನೂ ನೋಡದೆ ಸುಮ್ಮನೆ ಸುತ್ತಿಬರಲು ಬಯಸುತ್ತಾನೆಂಬುದನ್ನು ಯಾವ ಅಭಿಮಾನಿಯೂ ಒಪ್ಪುವುದಿಲ್ಲ. ಒಬ್ಬರು ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಮರಳಿನ ಮೇಲೆಯೇ ಸೈಕಲ್ ಹೊಡೆಯಬೇಕೆಂದರು. ಹೊಡೆದೆ. ನೀರಿನಂಚಿನ ಗಟ್ಟಿ ಮರಳಿನಲ್ಲಿ ಚಕ್ರ ಸೊಗಸಾಗಿ ಓಡಿತು. ಅಲೆಯೊಂದು ಸ್ವಲ್ಪ ಮುಂದೆ ಬಂದಿತೆಂದು ಪಕ್ಕಕ್ಕೆ ಸರಿದೊಡನೆ ಸಡಿಲ ಮರಳಿನಲ್ಲಿ ಮುಂದಿನ ಚಕ್ರ ಹೂತುಹೋಯಿತು, ಹಿಂದಿನದು ನನ್ನನ್ನು ಮುಂದಕ್ಕೆ ಕಳುಹಿಸಿತು. ಉಪ್ಪುನೀರು ಕುಡಿದ ಚೈನು ವಾರದೊಳಗೆ ಕೆಂಪಗಾಯಿತು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರ ಸುಮಾರಿಗೆ, ಈ ಊರಿನಲ್ಲಿ ಉಳಿದಿದ್ದ ಯುವಕ ರವೀಂದ್ರರು ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋಗಿದ್ದರಂತೆ. ಕವಿಗಳ ಆಯ್ಕೆ ಸರಿಯಾಗಿತ್ತು. ದೋಣಿಗೆ ಚೈನು ಇರುವುದಿಲ್ಲ.

"ಸದಾಶಿವಗಡಕ್ಕೆ ಹೋಗಿ ಬನ್ನಿ ಹೆಗಡೇರೇ, ಇಲ್ಲೇ, ಐದು ನಿಮಿಷ" ಎಂದರು ಇನ್ನೊಬ್ಬರು. ಅವರ ಐದು ನಿಮಿಷ ಮೋಟಾರ್ ಸೈಕಲ್ಲಿನದು ಎಂಬುದು ನನಗೆ ಕೋಡಿಬಾಗ ತಲುಪುವಷ್ಟರಲ್ಲಿ ಅರಿವಾಯಿತು. ಸದಾಶಿವಗಡದ ಗುಡ್ಡ ಇರುವುದು ಕಾಳಿಯ ಆಚೆ ದಡದಲ್ಲಿ; ಉಳಿದ ಅರಿವು ನದಿಯ ಸೇತುವೆಯ ಮೇಲೆ ಆಯಿತು. 2024ರ ಆಗಸ್ಟ್ 7ರಂದು ನಡುರಾತ್ರಿ ಕಳೆದ ಹೊತ್ತಿನಲ್ಲಿ ಹಳೆಯ ಸೇತುವೆ ಕುಸಿದು ನದಿಗೆ ಬಿದ್ದ ಮೇಲೆ, ಗೋವಾಕ್ಕೆ ಹೋಗುವ ಮತ್ತು ಅಲ್ಲಿಂದ ಬರುವ ವಾಹನಗಳೆರಡೂ ಉಳಿದೊಂದು ಸೇತುವೆಯನ್ನೇ ಹಂಚಿಕೊಂಡಿದ್ದ ಕಾಲವದು. ಆ ಹಂಚಿಕೆಯಲ್ಲಿ ಸೈಕಲ್ಲಿಗೆ ಪಾಲು ಇಟ್ಟಿರಲಿಲ್ಲ. ಜೋಯಿಡಾ ತಾಲೂಕಿನ ಡಿಗ್ಗಿಯಲ್ಲಿ ಹುಟ್ಟಿ 184 ಕಿಲೋಮೀಟರು ಹರಿದು ಬಂದ ನದಿ ಕಡಲನ್ನು ಸೇರುವ ಆ ದೃಶ್ಯವನ್ನು ನೋಡಲೆಂದೇ ಜನ ಎಲ್ಲೆಲ್ಲಿಂದಲೋ ಬರುತ್ತಾರೆ; ನಾನು ಅದನ್ನು ದಾಟುವಾಗ ನೋಡಿದ್ದು ಮುಂದಿನ ಟ್ಯಾಂಕರಿನ ಹಿಂಬದಿಯಲ್ಲಿ ಬರೆದಿದ್ದ 'ಅಂತರ ಕಾಪಾಡಿ' ಎಂಬ ಸೂಚನೆಯನ್ನು ಮಾತ್ರ. ಗುಡ್ಡ ಏರುವ ಉತ್ಸಾಹ ಉಳಿಯದೆ, ಆಚೆ ದಡದಲ್ಲಿ ಒಂದು ಸೋಡಾ ಕುಡಿದು ಮರಳಿದೆ.

ಸಮತಟ್ಟಾದ ಊರಿನಲ್ಲಿ ಏರು ಎಲ್ಲಿ ಅಡಗಿರುತ್ತದೆ ಎಂಬುದೂ ಆ ದಿನಗಳಲ್ಲೇ ತಿಳಿಯಿತು: ಅದು ಗಾಳಿಯಲ್ಲಿರುತ್ತದೆ. ಹಗಲಿನಲ್ಲಿ ನೆಲ ಕಡಲಿಗಿಂತ ಬೇಗ ಕಾಯುವುದರಿಂದ, ಅಲ್ಲಿನ ಬಿಸಿಗಾಳಿ ಮೇಲೇರಿದಂತೆಲ್ಲ ಕಡಲ ಗಾಳಿ ಒಳನುಗ್ಗುತ್ತದೆ. ಬೇಸಗೆಯ ಮಧ್ಯಾಹ್ನ ಕಳೆದರೆ ವಾಯವ್ಯದಿಂದ ಅದರ ಬಿರುಸು ನೋಡಬೇಕು. ಸಂಜೆ ಕೋಡಿಬಾಗದ ಕಡೆಗೆ ಹೊರಟ ನನ್ನನ್ನು ಐಸ್‌ಕ್ಯಾಂಡಿ ಚೀಪುತ್ತ ನಡೆಯುತ್ತಿದ್ದ ಹುಡುಗನೊಬ್ಬ ಹಿಂದೆ ಹಾಕಿ, ತಿರುಗಿ ನೋಡಿ, ಕನಿಕರದಿಂದ ವೇಗ ತಗ್ಗಿಸಿದ. ರಾತ್ರಿ ನೆಲ ಬೇಗ ತಣಿಯುವುದರಿಂದ ನಸುಕಿನ ಹೊತ್ತಿಗೆ ಗಾಳಿ ದಿಕ್ಕು ಬದಲಿಸಿ ಮೆಲ್ಲಗೆ ಕಡಲ ಕಡೆಗೆ ಬೀಸುತ್ತಿರುತ್ತದೆ. ಕರಾವಳಿಯಲ್ಲಿ ಸೈಕಲ್ ಹೊಡೆಯುವ ಘಟ್ಟದವರು ಬೆಳಿಗ್ಗೆ ಬೇಗ ಏಳಬೇಕು ಎಂಬ ನಿಯಮಕ್ಕೆ ಹವಾಮಾನದ ಆಧಾರವಿದೆ, ಆರೋಗ್ಯದ ಆಧಾರ ಆಮೇಲಿನದು.

ಹೀಗೆ ನಸುಕಿಗೆ ಬದಲಾಯಿಸಿಕೊಂಡು, ಮನುಷ್ಯರ ಸಲಹೆ ಸಾಕೆಂದು ಫೋನಿನ ನಕಾಶೆಯ ಮೊರೆ ಹೋದೆ. ಅದು ಕಡಲ ಪಕ್ಕದಲ್ಲಿ ಒಂದು ನೇರವಾದ ನೀಲಿ ಗೆರೆ ಎಳೆದು ತೋರಿಸಿತು. ಆ ಗೆರೆ ನೆಲದ ಮೇಲಿದೆಯೋ ಆಕಾಶದಲ್ಲಿದೆಯೋ ಎಂಬುದನ್ನು ನಕಾಶೆ ಹೇಳಲಿಲ್ಲ. ಲಂಡನ್ ಬ್ರಿಡ್ಜ್ ಬಳಿ (ಕಾರವಾರಕ್ಕೂ ತನ್ನದೇ ಆದ ಒಂದು ಲಂಡನ್ ಬ್ರಿಡ್ಜ್ ಇದೆ, ಥೇಮ್ಸ್ ಇಲ್ಲ ಅಷ್ಟೆ) ಇಳಿದು ಹಿಂತಿರುಗುವ ಯೋಜನೆ ಹಾಕಿಕೊಂಡಿದ್ದ ನಾನು, ಲಂಡನ್ ಬ್ರಿಡ್ಜ್ ಕೆಳಗೇ ಉಳಿದು ನಾನು ಮೇಲ್ಸೇತುವೆಯ ಮೇಲಿರುವುದನ್ನು ಕಂಡೆ. ಬಲಕ್ಕೆ ಕಡಲು, ಹಿಂದೆ ಮಂಗಳೂರಿಗೆ ಅವಸರದಲ್ಲಿದ್ದ ಬಸ್ಸು, ಮುಂದೆ ಬಾಯಿ ತೆರೆದ ಸುರಂಗ. ನಡುವೆ ಇಳಿಯಲು ಎಡೆಯಿಲ್ಲ. ಸುರಂಗದೊಳಗೆ ಲಾರಿಯೊಂದರ ಹಾರ್ನು ಎರಡು ಗೋಡೆಗಳಿಗೂ ಬಡಿದು ಮರಳಿ ಬಂದು ಪೂರ್ತಿ ಕೇಳಿ ಮುಗಿಯುವಷ್ಟರಲ್ಲಿ ನಾನು ಬಿಣಗಾದಲ್ಲಿದ್ದೆ. ಅಷ್ಟು ವೇಗದಲ್ಲಿ ನಾನು ಹಿಂದೆಂದೂ ಸೈಕಲ್ ಹೊಡೆದವನಲ್ಲ.

ಮತ್ತೆ ಸುರಂಗಕ್ಕೆ ನುಗ್ಗುವ ಧೈರ್ಯವಿಲ್ಲದೆ ಹಳೆಯ ಘಟ್ಟದ ರಸ್ತೆಯಲ್ಲಿ, ಶಿರಸಿಯ ಅಭ್ಯಾಸದಂತೆ ಸೈಕಲ್ ತಳ್ಳುತ್ತ ಬಂದು, ಬೈತಖೋಲದ ಮೀನುಗಾರಿಕಾ ಬಂದರಿನ ಎದುರು ಇಳಿದೆ. ಬೆಳಗಿನ ಹೊತ್ತು ಊರೆಲ್ಲ ಮಲಗಿರುವಾಗ ಬಂದರೊಂದೇ ಎಚ್ಚರವಾಗಿರುತ್ತದೆ ಎಂಬ ಸಂಗತಿ ಶಿರಸಿಯ ಅಡಿಕೆ ವ್ಯಾಪಾರದ ನಡುವೆ ಬೆಳೆದವನಿಗೆ ಹೇಗೆ ಗೊತ್ತಿರಬೇಕು? ಬುಟ್ಟಿ, ಮಂಜುಗಡ್ಡೆ, ಕೂಗು, ಟೆಂಪೋಗಳ ನಡುವೆ ದಾರಿ ಮಾಡಿಕೊಂಡು ಹೊರಬಿದ್ದಾಗ ಮುಂದಿದ್ದ ಮೀನಿನ ಲಾರಿ ತನ್ನ ಮಂಜಿನ ನೀರನ್ನು ರಸ್ತೆಯುದ್ದಕ್ಕೂ ಸುರಿಸುತ್ತ ಹೋಯಿತು, ನನ್ನ ಚಕ್ರಗಳು ಅದನ್ನು ನನ್ನ ಬೆನ್ನಿಗೆ ಎರಚುತ್ತ ಬಂದವು. ಮನೆಯ ಮಾಲೀಕರು ಮೀನು ಪ್ರಿಯರಾದ್ದರಿಂದ ಏನೂ ಅನ್ನಲಿಲ್ಲ, "ಬಂಗುಡೆಯೋ ತಾರ್ಲೆಯೋ?" ಎಂದು ಕೇಳಿದರು. ಸಸ್ಯಾಹಾರಿಯಾದ ನನ್ನ ಬಳಿ ಉತ್ತರವಿರಲಿಲ್ಲ. ಕೇರಿಯ ಬೆಕ್ಕುಗಳು ಮಾತ್ರ ಕೆಲವು ದಿನ ನನ್ನ ಸೈಕಲ್ಲಿನ ಸುತ್ತ ಭಕ್ತಿಯಿಂದ ಕುಳಿತಿರುತ್ತಿದ್ದವು. ಬಂದರಿನ ರಸ್ತೆ ಖಾಲಿಯಾಗಿರುವ ಕಾಲವೂ ಒಂದಿದೆ, ನಿಜ: ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆದರೆ ಆ 61 ದಿನಗಳಲ್ಲಿ ಕಾರವಾರದ ಮಳೆಗೆ ಯಾವ ನಿಷೇಧವೂ ಇರುವುದಿಲ್ಲ.

ದಾರಿ ಕೊನೆಗೆ ಸಿಕ್ಕಿದ್ದು ಪಾವು, ಅಂದರೆ ಬೇಕರಿಯ ಪುಟ್ಟ ಬ್ರೆಡ್ಡು, ಮಾರುವವನ ಹಿಂದೆ. ಕಾರವಾರದ ಕೇರಿಗಳಿಗೆ ಬೆಳಿಗ್ಗೆ ಸೈಕಲ್ಲಿನ ಹಿಂದೆ ನೀಲಿ ಪ್ಲಾಸ್ಟಿಕ್ ಹೊದಿಸಿದ ಬುಟ್ಟಿ ಕಟ್ಟಿಕೊಂಡು, ರಬ್ಬರ್ ಹಾರ್ನು ಹಿಚುಕುತ್ತ ಬರುವ ಮನುಷ್ಯ ಅವನು. ದಿನವೂ ಭಾರ ಹೊತ್ತು ತಿರುಗುವವನು ಅನಗತ್ಯವಾದ ಒಂದು ಏರನ್ನೂ ಇಟ್ಟುಕೊಂಡಿರಲಾರನೆಂದು ಹೊಳೆದು, ಒಂದು ಮುಂಜಾನೆ ಸ್ವಲ್ಪ ಅಂತರದಲ್ಲಿ ಹಿಂಬಾಲಿಸಿದೆ. ಕಾಜುಬಾಗದಿಂದ ಕೋಡಿಬಾಗದ ಕಡೆಗೆ, ಅಲ್ಲಿಂದ ಒಳಗೆ ತಿರುಗಿ ನಂದನಗದ್ದಾ, ಸುಂಕೇರಿ, ಮತ್ತೆ ಹಬ್ಬುವಾಡದ ಮೇಲೆ ಪೇಟೆಗೆ. ಹೆದ್ದಾರಿ ದಾಟುವುದಿಲ್ಲ, ಹೋದ ದಾರಿಯಲ್ಲಿ ಮರಳುವುದಿಲ್ಲ, ತೆಂಗಿನ ನೆರಳು ಧಾರಾಳ. ನಾಯಿಗಳಿಗೆ ನಿನ್ನೆಯ ಪಾವಿನ ಚೂರು ಎಸೆಯುವ ಪದ್ಧತಿಯನ್ನು ಅವನು ಇಟ್ಟುಕೊಂಡಿದ್ದರಿಂದ, ಅವು ನನ್ನನ್ನೂ ಅದೇ ಸಂಸ್ಥೆಯ ನೌಕರನೆಂದು ಭಾವಿಸಿ ಬಾಲ ಅಲ್ಲಾಡಿಸಿದವು. ಹಾಗೆ ಭಾವಿಸಿದವು ನಾಯಿಗಳಷ್ಟೇ ಅಲ್ಲ. ನಂದನಗದ್ದೆಯಲ್ಲಿ ಅವನು ಮುಂದೆ ಹೋದ ಮೇಲೆ ಬಾಗಿಲಿಗೆ ಬಂದ ಹಿರಿಯ ಹೆಂಗಸೊಬ್ಬರು ನನ್ನನ್ನು ತಡೆದು, "ಚಾರ್ ಪಾವ್ ದಿ" ಎಂದರು. ನನ್ನ ಬಳಿ ಪಾವಿಲ್ಲವೆಂದು ತಿಳಿಸಿದಾಗ, ಇಷ್ಟು ಬೇಗ ಖಾಲಿ ಮಾಡಿಕೊಂಡು ಬರುವುದು ಯಾವ ವ್ಯಾಪಾರವೆಂದು ಕೊಂಕಣಿಯಲ್ಲಿ ಬೈದರು.

ಪಾವಿನವನ ಅನುಮಾನ ಬೇರೆಯದಾಗಿತ್ತು. ಮಾರನೆಯ ದಿನ ಸುಂಕೇರಿಯಲ್ಲಿ ಸೈಕಲ್ ನಿಲ್ಲಿಸಿ, "ಸಾಹೇಬ್ರೇ, ನಿಮ್ಮದು ಯಾವ ಬೇಕರಿ?" ಎಂದು ನೇರವಾಗಿ ಕೇಳಿದ. ಲೈನು ಕಲಿತುಕೊಂಡು ಗಿರಾಕಿಗಳನ್ನು ಎಳೆದುಕೊಳ್ಳಲು ಬಂದ ಎದುರಾಳಿಯ ಕಡೆಯವನು ನಾನಲ್ಲ, ವ್ಯಾಯಾಮಕ್ಕಾಗಿ ಸುತ್ತುವ ಸರ್ಕಾರಿ ನೌಕರನೆಂದು ಹೇಳಿದರೆ ಅವನಿಗೆ ನಂಬಿಕೆ ಬರಲಿಲ್ಲ. ವ್ಯಾಯಾಮಕ್ಕೆ ಇಷ್ಟು ದೊಡ್ಡ ಊರಿನಲ್ಲಿ ತನ್ನ ಬೆನ್ನೇ ಏಕೆ ಬೇಕಿತ್ತು ಎಂಬ ಅವನ ಪ್ರಶ್ನೆ ನ್ಯಾಯವಾದದ್ದೇ. ಕಡೆಗೆ ದಿನವೂ ಆರು ಪಾವು ಕೊಳ್ಳುವ ಒಪ್ಪಂದದ ಮೇಲೆ ಹಿಂಬಾಲಿಸುವ ಪರವಾನಗಿ ದೊರೆಯಿತು. ದೋಸೆ, ತೆಳ್ಳೇವುಗಳಲ್ಲಿ ಬೆಳೆದ ನಾನು ಈಗ ಬೆಳಿಗ್ಗೆ ಪಾವು, ಸಂಜೆ ಉಳಿದ ಪಾವು ತಿನ್ನುತ್ತೇನೆ. ವ್ಯಾಯಾಮದಿಂದ ಕರಗಿದ್ದೆಲ್ಲ ಹಾಗೆಯೇ ಮರಳಿ ಬಂದಿದೆ ಎನ್ನುವುದು ರಜೆಗೆ ಬಂದ ಹೆಂಡತಿಯ ಅಂದಾಜು.

ಸದ್ಯಕ್ಕಿರುವ ಆತಂಕ ಒಂದೇ. ಗಿರಾಕಿಗಳು ಹೆಚ್ಚಿದ್ದಾರೆಂದು ಅವನು ಸೈಕಲ್ ಮಾರಿ ಸ್ಕೂಟರ್ ಕೊಳ್ಳುವ ಯೋಚನೆಯಲ್ಲಿದ್ದಾನೆ. ಹಬ್ಬುವಾಡದ ತಿರುವಿನಲ್ಲಿ ಚಿಲ್ಲರೆ ಎಣಿಸುವಾಗಲೆಲ್ಲ ಅವನಿಗೆ ಆ ದಿನದ ಪೆಟ್ರೋಲ್ ದರವನ್ನು ಪತ್ರಿಕೆಯಿಂದ ಓದಿ ಹೇಳುತ್ತಿದ್ದೇನೆ.