ಆಫ್ರಿಕಾದ ನಾಟಕಕ್ಕೆ ಆಚರಣೆ ಬಲವೋ, ಭಾರವೋ?

ಮದುವೆ, ಸಾವು, ಹಿರಿಯರ ವೇಷ, ಬಲಿ. ಆಫ್ರಿಕಾದ ಆಧುನಿಕ ನಾಟಕಗಳಲ್ಲಿ ಇವು ಮತ್ತೆ ಮತ್ತೆ ಬರುತ್ತವೆ. ಅದೇ ನಾಟಕಗಳು ಸರ್ಕಾರವನ್ನೂ ಧಣಿಗಳನ್ನೂ ತರಾಟೆಗೆ ತೆಗೆದುಕೊಳ್ಳುತ್ತವೆ. ಆಚರಣೆ ಈ ಪ್ರತಿಭಟನೆಗೆ ಬಲ ಕೊಡುತ್ತದೆಯೋ, ಇಲ್ಲಾ ಅದನ್ನು ಮೊಂಡು ಮಾಡುತ್ತದೆಯೋ? ಈ ಜಗಳ ಅಲ್ಲಿನ ನಾಟಕಕಾರರ ನಡುವೆಯೇ ನಡೆದದ್ದು, ಹೊರಗಿನವರು ತಂದಿಟ್ಟದ್ದಲ್ಲ. ಕೆಳಗಿನ ಎರಡೂ ವಾದ ಬರೆದದ್ದು ನಾನೇ. ನನ್ನ ಮನಸ್ಸು ಎತ್ತ ವಾಲಿದೆ ಅನ್ನುವುದು ಹೇಗೂ ಗೊತ್ತಾಗುತ್ತದೆ, ಮುಚ್ಚಿಡುವುದಿಲ್ಲ.

ಪರ: ಜನರಿಗೆ ಗೊತ್ತಿರುವ ಭಾಷೆ ಅದೇ

ವೋಲೆ ಸೋಯಿಂಕಾ ಅವರ ‘ಡೆತ್ ಅಂಡ್ ದ ಕಿಂಗ್ಸ್ ಹಾರ್ಸ್‌ಮನ್’ (1975) ನಾಟಕ ನಡೆಯುವುದು ನೈಜೀರಿಯಾದ ಒಯೊ ಪಟ್ಟಣದಲ್ಲಿ, ಬ್ರಿಟಿಷರ ಕಾಲದಲ್ಲಿ. ಜಿಲ್ಲಾಧಿಕಾರಿ ಪಿಲ್ಕಿಂಗ್ಸ್ ಮತ್ತು ಅವನ ಹೆಂಡತಿ ವೇಷದ ಪಾರ್ಟಿಗೆ ತಯಾರಾಗಿದ್ದಾರೆ. ತೊಟ್ಟಿರುವುದು ಎಗುಂಗುನ್ ಉಡುಪು. ಸತ್ತ ಹಿರಿಯರು ಊರಿಗೆ ಬರುತ್ತಾರಲ್ಲ, ಆಗ ಹಾಕುವ ವೇಷ ಅದು. ಜನರಿಂದ ಕಿತ್ತುಕೊಂಡು ತಂದದ್ದು. ಅಷ್ಟರಲ್ಲಿ ಪೊಲೀಸಿನ ಅಮುಸಾ ಒಂದು ಸುದ್ದಿ ತರುತ್ತಾನೆ. ಅವನು ಮುಸ್ಲಿಂ, ಸರ್ಕಾರದ ಸಂಬಳ ತಿನ್ನುವವನು. ಆದರೂ ಆ ಬಟ್ಟೆ ಕಂಡದ್ದೇ ಅವನ ಬಾಯಿ ಕಟ್ಟಿಹೋಗುತ್ತದೆ. ಸಾವಿನ ಉಡುಪು ತೊಟ್ಟವರ ಎದುರು ಸಾವಿನ ಮಾತು ಆಡಲಾರೆ ಅನ್ನುತ್ತಾನೆ. ಕೊನೆಗೆ ವರದಿಯನ್ನು ಚೀಟಿಯಲ್ಲಿ ಬರೆದಿಟ್ಟು ಹೋಗುತ್ತಾನೆ.

ಪಿಲ್ಕಿಂಗ್ಸ್ ರಾಕ್ಷಸನೇನಲ್ಲ. ಅವನಿಗೆ ಅದು ಸುಮ್ನೆ ಒಂದು ಬಟ್ಟೆ, ಅಷ್ಟೇ. ಆಳುವವನಿಗೆ ಆಳಿಸಿಕೊಳ್ಳುವವರ ಗಂಧವೇ ಇಲ್ಲ ಎಂದು ನೋಡುವವರಿಗೆ ಆ ಕ್ಷಣದಲ್ಲೇ ತಿಳಿಯುತ್ತದೆ. ಎಗುಂಗುನ್ ಏನೆಂದು ಗೊತ್ತಿದ್ದವರಿಗೆ ನಗುವೂ ಬರುತ್ತದೆ, ಮೈಯೂ ಉರಿಯುತ್ತದೆ. ಆಚರಣೆ ತೆಗೆದುಬಿಟ್ಟರೆ ಈ ದೃಶ್ಯವೇ ಇಲ್ಲ.

ಇದು ಸೋಯಿಂಕಾ ಒಬ್ಬರ ಹಾದಿಯಲ್ಲ. ನೈಜೀರಿಯಾದವರೇ ಆದ ಹ್ಯೂಬರ್ಟ್ ಒಗುಂಡೆ ಶುರು ಮಾಡಿದ್ದು ಚರ್ಚಿಗಾಗಿ ಹಾಡಿನ ನಾಟಕ ಕಟ್ಟುವುದರಿಂದ. ಬೇಗನೇ 1945ರ ಸಾರ್ವತ್ರಿಕ ಮುಷ್ಕರದ ಬಗ್ಗೆ ನಾಟಕ ಮಾಡಿದರು. 1964ರಲ್ಲಿ ‘ಯೊರುಬಾ ರೋನು’ ಆಡಿದ್ದಕ್ಕೆ ಪಶ್ಚಿಮ ಪ್ರಾಂತ್ಯದ ಸರ್ಕಾರ ಅವರ ಮಂಡಳಿಯನ್ನೇ ನಿಷೇಧಿಸಿತು. ಭಜನೆಯ ಅಭ್ಯಾಸವಿದ್ದ ಜನರಿಗೆ ರಾಜಕೀಯದ ಹಾಡು ಹೊಸದೆನಿಸಲಿಲ್ಲ.

ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಸರ್ಕಾರ ಸಭೆ ಸೇರುವುದನ್ನು ತಡೆದಾಗ ಶವಯಾತ್ರೆಗಳೇ ಸಭೆಗಳಾದವು. ‘ವೊಜಾ ಆಲ್ಬರ್ಟ್’ (1981) ನಾಟಕದಲ್ಲಿ ಯೇಸು ಆ ದೇಶಕ್ಕೇ ಬರುತ್ತಾನೆ. ಕೊನೆಯ ದೃಶ್ಯ ಸ್ಮಶಾನದಲ್ಲಿ. ವರ್ಣಭೇದದ ವಿರುದ್ಧ ಹೋರಾಡಿ ತೀರಿಕೊಂಡ ಆಲ್ಬರ್ಟ್ ಲುಥುಲಿ, ಸ್ಟೀವ್ ಬಿಕೊ ಮುಂತಾದವರ ಹೆಸರು ಕೂಗಿ ಎಬ್ಬಿಸುತ್ತಾರೆ. ಸತ್ತವರನ್ನು ಹೆಸರು ಹಿಡಿದು ಕರೆಯುವುದು ಪ್ರಾರ್ಥನೆ. ಆ ಕಾಲದಲ್ಲಿ ಅದು ಅಪರಾಧಕ್ಕೂ ಹತ್ತಿರದ ಮಾತು.

ಇನ್ನು ಕೀನ್ಯಾ. 1977ರಲ್ಲಿ ಲಿಮುರು ಹತ್ತಿರದ ಕಮಿರೀಥು ಎಂಬಲ್ಲಿ ಗೂಗಿ ವಾ ಥಿಯಾಂಗೊ ಮತ್ತು ಗೂಗಿ ವಾ ಮಿರೀ ಗಿಕುಯು ಭಾಷೆಯಲ್ಲಿ ಒಂದು ನಾಟಕ ಬರೆದರು. ‘ನನಗಿಷ್ಟವಾದಾಗ ಮದುವೆಯಾಗುತ್ತೇನೆ’ ಎಂಬರ್ಥದ ಹೆಸರು. ಆಡಿದವರು ರೈತರು, ಕೂಲಿಗಳು. ಮದುವೆಯ ಹಾಡು, ಕುಣಿತ ಸರಿಯಿಲ್ಲ ಎಂದು ಹಿರಿಯ ಹೆಂಗಸರು ಮುಂದೆ ಬಂದು ತಿದ್ದಿದರು. ಹಾಗೆ ತಿದ್ದಿದ ಮೇಲೆ ಅದು ಲೇಖಕರ ನಾಟಕವಾಗಿ ಉಳಿಯಲಿಲ್ಲ, ಊರಿನದಾಯಿತು. ಸರ್ಕಾರ ಹೆದರಿ ನಾಟಕ ನಿಲ್ಲಿಸಿದ್ದು ಅದಕ್ಕೇ.

ವಿರೋಧ: ಅದು ಯಾರ ಆಚರಣೆ, ಹೇಳಿ

ಅಮುಸಾ ದೃಶ್ಯ ಚೆನ್ನಾಗಿದೆ, ಒಪ್ಪಿದೆ. ಆದರೆ ನಾಟಕ ಅಲ್ಲಿಗೆ ಮುಗಿಯುವುದಿಲ್ಲ, ಅಲ್ವಾ? ರಾಜ ಸತ್ತಿದ್ದಾನೆ. ಅವನ ಅಶ್ವಾಧಿಕಾರಿ ಎಲೆಸಿನ್ ಅವನ ಹಿಂದೆಯೇ ಸಾಯಬೇಕು. ಸಾಯದಿದ್ದರೆ ಇಡೀ ಲೋಕ ದಾರಿ ತಪ್ಪುತ್ತದೆ. ಯಾರ ಲೋಕ? ನೈಜೀರಿಯಾದ ವಿಮರ್ಶಕ ಬಿಯೋಡುನ್ ಜೆಯಿಫೊ ಎತ್ತಿದ ತಕರಾರು ಇದೇ. ಎಲೆಸಿನ್‌ನ ಮಾನ ಆಳುವವರ ಮಾನ. ಅದನ್ನು ಅಲ್ಲಿನ ಯೊರುಬಾ ಜನಾಂಗದವರೆಲ್ಲರ ಮಾನ ಎಂದು ತೋರಿಸಿದರೆ ಕೆಳಗಿದ್ದವರ ಕಥೆ ಎಲ್ಲಿ ಹೋಯಿತು?

ನಾನು ಇನ್ನೊಂದು ಸೇರಿಸುತ್ತೇನೆ. ಸಾಯಬೇಕಾದ ದಿನ ಎಲೆಸಿನ್ ಸಂತೆಯಲ್ಲಿ ಒಬ್ಬ ಹುಡುಗಿಯನ್ನು ಕಂಡು ಬೇಕು ಅನ್ನುತ್ತಾನೆ. ಅವಳಿಗೆ ಆಗಲೇ ಬೇರೆಯವನ ಜೊತೆ ಮಾತಾಗಿದೆ. ಆದರೂ ಕೊಟ್ಟು ಮದುವೆ ಮಾಡುತ್ತಾರೆ, ಹೊರಟವನ ಕೊನೆಯ ಆಸೆ ಎಂದು. ಇಡೀ ನಾಟಕದಲ್ಲಿ ಆ ಹುಡುಗಿಗೆ ಒಂದೂ ಮಾತಿಲ್ಲ. ಪಿಲ್ಕಿಂಗ್ಸ್‌ನನ್ನು ಅಷ್ಟು ಚುರುಕಾಗಿ ಚುಚ್ಚಿದ ನಾಟಕ ಇವಳ ಪಕ್ಕದಲ್ಲಿ ಮೃದುವಾಗಿಬಿಡುತ್ತದೆ. ಆಚರಣೆಯ ಗಾಂಭೀರ್ಯ ಮಾಡುವ ಕೆಲಸ ಇದು. ಪ್ರಶ್ನೆ ಕೇಳುವುದೇ ಅಪಚಾರ ಅನ್ನಿಸಿಬಿಡುತ್ತದೆ.

ಪ್ರಶ್ನೆ ಕೇಳಿದವರೂ ಇದ್ದರು. ಸೋಯಿಂಕಾ ಅವರದೇ ‘ದ ಸ್ಟ್ರಾಂಗ್ ಬ್ರೀಡ್’ನಲ್ಲಿ ಊರಿನ ವರ್ಷದ ಪಾಪ ಹೊತ್ತುಕೊಂಡು ಹೋಗಲು ಪರಸ್ಥಳದವನೊಬ್ಬ ಬೇಕು. ನೈಜೀರಿಯಾದ ಇನ್ನೊಬ್ಬ ನಾಟಕಕಾರ ಫೆಮಿ ಒಸೊಫಿಸಾನ್ ಅದಕ್ಕೆ ಉತ್ತರವಾಗಿಯೇ ‘ನೋ ಮೋರ್ ದ ವೇಸ್ಟೆಡ್ ಬ್ರೀಡ್’ ಬರೆದರು. ಪ್ರತಿ ಸಲ ಬಡವನೇ ಯಾಕೆ ಹೊರಬೇಕು, ದೇವರು ಯಾಕೆ ಶ್ರೀಮಂತರ ಮನೆ ಬಾಗಿಲು ತಟ್ಟುವುದಿಲ್ಲ ಎಂಬುದು ಆ ನಾಟಕದ ಜಗಳ. ಒಸೊಫಿಸಾನ್ ಕೂಡ ದೇವತೆಗಳನ್ನು, ಹಾಡನ್ನು ರಂಗಕ್ಕೆ ತರುತ್ತಾರೆ. ತಂದು ಕಟಕಟೆಯಲ್ಲಿ ನಿಲ್ಲಿಸುತ್ತಾರೆ. ಹಾಗೆ ತರುವುದಾದರೆ ನನ್ನ ಅಡ್ಡಿಯಿಲ್ಲ.

ಸರ್ಕಾರಗಳಿಗೆ ಆಚರಣೆ ಎಂದರೆ ಎಷ್ಟು ಪ್ರೀತಿ ಎಂದೂ ನೋಡಬೇಕು. 1977ರ ಜನವರಿ, ಫೆಬ್ರವರಿಯಲ್ಲಿ ನೈಜೀರಿಯಾದ ಲಾಗೋಸ್‌ನಲ್ಲಿ ಫೆಸ್ಟಾಕ್ ಎಂಬ ದೊಡ್ಡ ಸಾಂಸ್ಕೃತಿಕ ಉತ್ಸವ ನಡೆಯಿತು. ಎಣ್ಣೆಯ ದುಡ್ಡು, ಮಿಲಿಟರಿ ಸರ್ಕಾರ. ಮುಖವಾಡ, ಡೋಲು, ಕುಣಿತ ಎಲ್ಲಕ್ಕೂ ಜಾಗ ಸಿಕ್ಕಿತು. ಉತ್ಸವ ಮುಗಿದು ಒಂದು ವಾರವೂ ಆಗಿರಲಿಲ್ಲ, ಸೈನಿಕರು ಗಾಯಕ ಫೆಲಾ ಕುಟಿ ಅವರ ಮನೆಗೆ ನುಗ್ಗಿ ಬೆಂಕಿ ಹಚ್ಚಿದರು. ಅವರು ಉತ್ಸವವನ್ನು ಬಹಿಷ್ಕರಿಸಿದ್ದರು. ಸೈನಿಕರನ್ನೇ ಗೇಲಿ ಮಾಡುವ ಹಾಡನ್ನೂ ಹಾಡಿದ್ದರು.

ಆಚರಣೆಯೇ ಇಲ್ಲದ ನಾಟಕ ಏನು ಮಾಡಬಲ್ಲದು? ದಕ್ಷಿಣ ಆಫ್ರಿಕಾದ ‘ಸಿಜ್ವೆ ಬಾಂಜಿ ಈಸ್ ಡೆಡ್’ (1972) ನೋಡಿ. ಅಥೋಲ್ ಫುಗಾರ್ಡ್, ಜಾನ್ ಕಾನಿ, ವಿನ್‌ಸ್ಟನ್ ನ್ಶೋನಾ ಸೇರಿ ಕಟ್ಟಿದ್ದು. ಒಂದು ಫೋಟೋ ಸ್ಟುಡಿಯೋ, ಒಂದು ಪಾಸ್ ಪುಸ್ತಕ. ಕಪ್ಪು ಜನ ಎಲ್ಲಿ ಇರಬಹುದು, ಎಲ್ಲಿ ದುಡಿಯಬಹುದು ಎಂಬುದು ಆ ಪುಸ್ತಕದಲ್ಲಿತ್ತು. ಸತ್ತವನೊಬ್ಬನ ಪುಸ್ತಕಕ್ಕೆ ತನ್ನ ಫೋಟೋ ಅಂಟಿಸಿಕೊಂಡು ಬದುಕುವುದೋ ಬೇಡವೋ? ಪೋರ್ಟ್ ಎಲಿಜಬೆತ್‌ನ ನ್ಯೂ ಬ್ರೈಟನ್ ಬಡಾವಣೆಯಲ್ಲಿ ಆಡಿದಾಗ ನೋಡುವವರೇ ನಾಟಕ ನಿಲ್ಲಿಸಿ ಇದನ್ನು ಚರ್ಚೆ ಮಾಡಿದರಂತೆ. ಆಚರಣೆ ಜನರನ್ನು ಒಂದೇ ತಾಳಕ್ಕೆ ತರುತ್ತದೆ. ಇಲ್ಲಿ ಆದದ್ದು ಅದಕ್ಕೆ ವಿರುದ್ಧ, ಜನ ತಮ್ಮತಮ್ಮಲ್ಲೇ ವಾದಕ್ಕೆ ಬಿದ್ದರು. ಪ್ರತಿಭಟನೆಗೆ ಜಾಸ್ತಿ ಬೇಕಾದದ್ದು ಇದು. ‘ವೊಜಾ ಆಲ್ಬರ್ಟ್’ನಲ್ಲೂ ನನಗೆ ಆ ಸ್ಮಶಾನಕ್ಕಿಂತ ಇಷ್ಟವಾಗುವುದು ಗುಲಾಬಿ ಮೂಗು. ಕಪ್ಪು ನಟರು ಒಂದು ಮೂಗು ಸಿಕ್ಕಿಸಿಕೊಂಡು ಬಿಳಿಯ ಸಾಹೇಬರಾಗಿಬಿಡುತ್ತಾರೆ!

ಕಮಿರೀಥು ನಾಟಕವನ್ನು ಪರ ವಾದದವರು ತಮ್ಮದೆನ್ನುತ್ತಾರೆ. ಕಥೆ ಏನು? ಕೂಲಿ ಕಿಗೂಂಡನ ಬಳಿ ಒಂದೂವರೆ ಎಕರೆ ಇದೆ. ಹಕ್ಕುಪತ್ರ ಗೋಡೆಯ ಮೇಲಿದೆ. ನಿಮ್ಮ ಹಳೇ ಮದುವೆ ಪಾಪ, ಚರ್ಚಿನಲ್ಲಿ ಆಗಿ ಎಂದು ಧಣಿ ಒತ್ತುತ್ತಾನೆ. ಅದರ ಖರ್ಚಿಗೆ ಜಮೀನು ಅಡ ಇಟ್ಟು ಸಾಲ ಮಾಡುತ್ತಾನೆ ಕಿಗೂಂಡ, ಜಮೀನು ಹೋಗುತ್ತದೆ. ಅಂದರೆ ಈ ನಾಟಕದಲ್ಲಿ ಮದುವೆಯ ಆಚರಣೆಯೇ ಬಲೆ.

ಅಕ್ಟೋಬರ್‌ನಲ್ಲಿ ಶುರುವಾದ ಪ್ರದರ್ಶನ ನವೆಂಬರ್‌ನಲ್ಲಿ ನಿಂತಿತು, ಪರವಾನಗಿ ರದ್ದಾಯಿತು. ವರ್ಷದ ಕೊನೆಯ ದಿನ ಗೂಗಿ ವಾ ಥಿಯಾಂಗೊ ಅವರ ಬಂಧನವಾಯಿತು. 1982ರಲ್ಲಿ ಪೊಲೀಸರು ಬಂದು ಆ ಬಯಲು ರಂಗಮಂದಿರವನ್ನೇ ನೆಲಸಮ ಮಾಡಿದರು. ಹಾಡು, ಕುಣಿತಗಳಿಗೆ ಹೆದರಿ ಹೀಗೆ ಮಾಡಿದರು ಎನ್ನುವವರು ಒಂದು ವಿಷಯಕ್ಕೆ ಉತ್ತರ ಹೇಳಬೇಕು. ಅದೇ ಕೀನ್ಯಾ ಸರ್ಕಾರ 1971ರಲ್ಲಿ ನೈರೋಬಿಯಲ್ಲಿ ‘ಬೋಮಾಸ್’ ಎಂಬ ಕೇಂದ್ರ ಕಟ್ಟಿಸಿತ್ತು. ದೇಶದ ನಾನಾ ಜನಾಂಗಗಳ ಕುಣಿತಗಳನ್ನು ಪ್ರವಾಸಿಗರಿಗೆ ಟಿಕೆಟ್ ಹಾಕಿ ತೋರಿಸುವ ಜಾಗ. ಕಮಿರೀಥು ನೆಲಸಮವಾದಾಗಲೂ ಅದು ನಡೆಯುತ್ತಲೇ ಇತ್ತು. ಅಲ್ಲಿನ ಕುಣಿತದಲ್ಲಿ ಹಕ್ಕುಪತ್ರದ ಮಾತು ಬರುತ್ತಿರಲಿಲ್ಲವಲ್ಲ.